ಜಾರುವ ಕುರ್ಚಿ

ನಾನು ಪುಕ್ಕಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ವಿಮಾನ ನಿಲ್ದಾಣದ ಹತ್ತಿರ ಗಿಂಡಿ ಎಂಬ ಬಡಾವಣೆಯಲ್ಲಿರುವ ನನ್ನ ಶೆಡ್ಡಿನಲ್ಲಿ ಹೋಟೆಲುಗಳಿಗೆ ಬೇಕಾದ ಸ್ಟೀಲ್ ಸಾಮಾನು ಮಾಡುತ್ತೇನೆ. ದೋಸೆಕಲ್ಲಿನ ಸ್ಟ್ಯಾಂಡು, ಕೌಂಟರು, ಸಾಂಬಾರಿನ ದೊಡ್ಡ ಪಾತ್ರೆ ಇಡುವ ಮೇಜು, ಇಂಥವು. ಬೆಂಕಿಗೆ ಹೆದರುವುದಿಲ್ಲ, ಕಿಡಿಗೆ ಹೆದರುವುದಿಲ್ಲ. ಆದರೆ ಎರಡನೇ ಮಹಡಿಯ ಬಾಲ್ಕನಿಯಿಂದ ಕೆಳಗೆ ನೋಡು ಎಂದರೆ ಕಾಲು ನಡುಗುತ್ತದೆ. ವಿಮಾನ ಹತ್ತಿದವನಲ್ಲ, ಹತ್ತುವ ಆಸೆಯೂ ಇಲ್ಲ. ಇಳಿಯುವ ವಿಮಾನಗಳು ನಮ್ಮ ತಲೆಯ ಮೇಲೆ ತಗ್ಗಾಗಿ ಹೋಗುತ್ತವೆ. ಇಷ್ಟು ವರ್ಷ ಆದರೂ ಆ ಸದ್ದಿಗೆ ಕತ್ತು ತಗ್ಗಿಸುತ್ತೇನೆ. ಕೆಲಸದವರು ನಗುತ್ತಾರೆ. ನಗಲಿ.

ತಂಗಿ ಮತ್ತು ಭಾವ ಪುರಸೈವಾಕ್ಕಂನಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ಅವರ ಒಬ್ಬಳೇ ಮಗಳು ಪೈಲಟ್ ಆಗುತ್ತೇನೆಂದು ಹೊರಟಾಗ ಎಲ್ಲರಿಗಿಂತ ಜೋರಾಗಿ ಬೇಡವೆಂದವನು ನಾನೇ. ನನ್ನ ಮಾತನ್ನು ಯಾರು ಕೇಳುತ್ತಾರೆ? ಅವಳು ಬೇರೆ ಊರಿನ ತರಬೇತಿ ಶಾಲೆಗೆ ಸೇರಿದಳು. ಕಳೆದ ಮಳೆಗಾಲದಲ್ಲಿ ಅಲ್ಲಿ ಹಾರಾಟ ನಿಂತು ಕೆಲವು ವಾರ ರಜೆ ಸಿಕ್ಕಿತು. ಮನೆಗೆ ಬಂದ ಮರುದಿನವೇ ಒಂದು ದೊಡ್ಡ ಚೀಲ ಹೊತ್ತು, ಎಲೆಕ್ಟ್ರಿಕ್ ಟ್ರೈನಿನಲ್ಲಿ ಗಿಂಡಿಗೆ ಬಂದು ನನ್ನ ಶೆಡ್ಡಿನಲ್ಲಿ ನಿಂತಳು.

"ಮಾಮಾ, ಒಂದು ಕುರ್ಚಿ ಮಾಡಿ ಕೊಡ್ಬೇಕು. ಅಲ್ಲಾಡಬಾರದು. ಅಷ್ಟೇ."

ಚೀಲದಲ್ಲಿದ್ದದ್ದು ಗೆಳತಿಯಿಂದ ಕಡ ತಂದ ಸಾಮಾನು. ಕಂಪ್ಯೂಟರಿಗೆ ಜೋಡಿಸಿ ಮನೆಯಲ್ಲೇ ಕೂತು ವಿಮಾನ ಹಾರಿಸುವುದಕ್ಕೆ ಬೇಕಾದದ್ದು. ಆಟ ಎಂದರೆ ಅವಳಿಗೆ ಸಿಟ್ಟು, ಸಿಮ್ಯುಲೇಟರ್ ಎನ್ನಬೇಕು. ಕೊಂಬಿನಂತೆ ಎರಡು ಹಿಡಿಯಿದ್ದ ಒಂದು ಹ್ಯಾಂಡಲ್, ಅದಕ್ಕೆ ಯೋಕ್ ಎಂದು ಹೆಸರು. ತನ್ನ ಕಡೆ ಎಳೆದರೆ ವಿಮಾನದ ಮೂತಿ ಮೇಲೆ, ತಳ್ಳಿದರೆ ಕೆಳಗೆ. ಬಲಗೈಗೆ ಪವರ್ ಕೊಡುವ ಒಂದು ಲಿವರ್. ಕಾಲಿಗೆ ಎರಡು ಪೆಡಲ್. ಇವೆಲ್ಲ ಮೇಜಿಗೆ ಕಚ್ಚಿಸುವಂಥವು, ಆದರೆ ಅವಳ ಮೇಜು ಎಳೆದಾಗಲೆಲ್ಲ ಅಲುಗುತ್ತಿತ್ತಂತೆ. ಇದಕ್ಕೆಂದೇ ತಯಾರಾದ ಸೀಟು ಹೊರದೇಶದಿಂದ ತರಿಸಬೇಕು. ಅದರ ಬೆಲೆ ಒಮ್ಮೆ ಕೇಳಿದವನು ಇನ್ನೊಮ್ಮೆ ಕೇಳಲಿಲ್ಲ.

ಅಲ್ಲಾಡಿದರೆ ಏನಾಯಿತು, ಹೇಗೂ ನೆಲದ ಮೇಲೆ ತಾನೇ ಇರುವುದು ಎಂದೆ. ಅವಳು ಸ್ಟೂಲಿನ ಮೇಲೆ ಕೂತು, ಚೀಲದ ಹಗ್ಗವನ್ನು ಬೆರಳಿಗೆ ಸುತ್ತುತ್ತಾ ನಡೆದದ್ದನ್ನು ಹೇಳಿದಳು.

ತರಬೇತಿಯ ಆ ಸಣ್ಣ ವಿಮಾನಗಳ ಸೀಟು ಕಾರಿನ ಸೀಟಿನಂತೆ ಹಳಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ. ಹಳಿಯಲ್ಲಿ ಸಾಲಾಗಿ ತೂತುಗಳು. ಒಂದು ಪಿನ್ನು ತೂತಿಗೆ ಇಳಿದರೆ ಸೀಟು ನಿಂತಿತು. ಅವಳು ಒಬ್ಬಳೇ ಹಾರಬೇಕಿದ್ದ ದಿನ ಪಿನ್ನು ತೂತಿಗೆ ಇಳಿದಿರಲಿಲ್ಲ. ಕೂತ ಮೇಲೆ ಸೀಟನ್ನು ಒಮ್ಮೆ ಜಗ್ಗಿ ನೋಡಬೇಕು, ನೋಡಿರಲಿಲ್ಲ. ವಿಮಾನ ರನ್‌ವೇಯಲ್ಲಿ ಓಡಿ ನೆಲ ಬಿಟ್ಟದ್ದೇ ತಡ, ಸೀಟು ಅವಳನ್ನು ಹೊತ್ತು ಹಿಂದಕ್ಕೆ ಹೋಯಿತು. ಕೈ ಯೋಕ್ ಹಿಡಿದಿತ್ತಲ್ಲ, ಮೈ ಹಿಂದೆ ಹೋದಂತೆ ಅದನ್ನೂ ಎಳೆದುಕೊಂಡಿತು. ಮೂತಿ ಆಕಾಶಕ್ಕೆ ನಿಂತಿತು. ಕಾಲಿಗೆ ಪೆಡಲ್ ಸಿಗುತ್ತಿಲ್ಲ, ಯಾವುದೋ ಹಾರ್ನ್ ಕೂಗುತ್ತಿದೆ. ಆಮೇಲೆ ಹೇಗೆ ಕೈ ಬಿಟ್ಟೆ ಎಂದು ತನಗೆ ಗೊತ್ತಿಲ್ಲ ಎಂದಳು. ಬೆವರಿಗೆ ಜಾರಿರಬೇಕು. ವಿಮಾನ ಧಡಾರನೆ ರನ್‌ವೇಗೆ ಬಿದ್ದು, ಪುಟಿದು, ನಿಂತಿತು.

ಶಾಲೆಯವರು ಅವಳನ್ನು ಒಬ್ಬಳೇ ಹಾರಲು ಬಿಡುವುದನ್ನು ನಿಲ್ಲಿಸಿದ್ದರು. ರಜೆ ಮುಗಿದ ಮೇಲೆ ಮುಖ್ಯ ಶಿಕ್ಷಕರು ಜೊತೆಗೆ ಕೂತು ಪರೀಕ್ಷೆ ಮಾಡುತ್ತಾರೆ. ಅಲ್ಲಿ ಕೈ ನಡುಗಿದರೆ ಮನೆಗೆ. ನಡುಗದೆ ಪಾಸಾಗಿ, ಮುಂದೊಂದು ದಿನ ಒಬ್ಬಳೇ ಇದ್ದಾಗ ನಡುಗಿದರೆ?

"ಅಮ್ಮನಿಗೆ ಹೇಳ್ಬೇಡಿ ಮಾಮಾ," ಎಂದಳು. "ಅಮ್ಮ ಬೇಡ ಹೇಳ್ತಾಳೆ. ಅವಳು ಬೇಡ ಹೇಳಿದ್ರೆ ನಾನೂ ಸರಿ ಹೇಳಿಬಿಡ್ತೇನೆ. ಅಷ್ಟು ಪಯಮಾ ಇರುಕ್ಕು."

ಅಷ್ಟು ಭಯವಾಗುತ್ತಿದೆ ಎಂದು. ಈ ಊರಲ್ಲೇ ಬೆಳೆದವಳು, ನಿಜವಾದ ಭಯ ಬಂದಾಗ ಅವಳ ಬಾಯಿಗೆ ತಮಿಳೇ ಬರುವುದು. ಸಣ್ಣವಳಿದ್ದಾಗ ಇಂಜೆಕ್ಷನ್ನಿಗೂ ಹಾಗೇ ಅಳುತ್ತಿದ್ದಳು. ನಾನು ಎದ್ದು ನಿಂತು, ಅಲ್ಲಾಡಬಾರದು ತಾನೇ, ಮಾಮನ ಕೈಯಲ್ಲಿ ಆದದ್ದು ಯಾವತ್ತಾದರೂ ಅಲ್ಲಾಡಿದೆಯಾ ಎಂದೆ.

ಮೊದಲ ಕುರ್ಚಿ ಅಲ್ಲಾಡಿತು. ಸಿಟ್ಟು ಬಂತು. ಪ್ಲಾಸ್ಟಿಕ್ ಕುರ್ಚಿಯ ಎರಡು ಕೈಗಳ ಮೇಲೆ ಪ್ಲೈವುಡ್ ಹಲಗೆ ಅಡ್ಡ ಇಟ್ಟು, ಕೇಬಲ್ ಟೈ ಬಿಗಿದು, ಹಲಗೆಗೆ ಯೋಕ್ ಕಚ್ಚಿಸಿದ್ದೆ. ಅವಳು ಎರಡು ಸಲ ಎಳೆದಳು, ಕುರ್ಚಿಯ ಕೈ ಚಟ್ಟೆಂದಿತು. ಆಮೇಲೆ ಆಫೀಸಿನ ತಿರುಗುವ ಕುರ್ಚಿ ತಂದೆ. ಪೆಡಲ್ ಒತ್ತಿದರೆ ಕುರ್ಚಿಯೇ ಹಿಂದಕ್ಕೆ ಉರುಳಿತು. ಅವಳ ಮುಖ ಬಿಳುಚಿತು. ಗಾಲಿಗಳನ್ನು ಅವತ್ತೇ ಕಿತ್ತೆ. ಗಾಲಿ ಹೋದರೂ ಒತ್ತಿದಷ್ಟು ಹಿಂದೆ ಸರಿಯುತ್ತಿತ್ತು. ಆಗ ಹೊಳೆಯಿತು: ಕುರ್ಚಿ ಬೇರೆ, ಪೆಡಲ್ ಬೇರೆ ಇದ್ದರೆ ಇದೇ ಗತಿ. ಎರಡೂ ಒಂದೇ ಚೌಕಟ್ಟಿನ ಮೇಲೆ ಕೂತರೆ ಕಾಲು ಒತ್ತಿದ ಬಲ ಚೌಕಟ್ಟಿನೊಳಗೇ ಮುಗಿಯುತ್ತದೆ.

ಮೂಲೆಯಲ್ಲಿ ಬಿದ್ದಿದ್ದ ಚೌಕ ಪೈಪಿನ ತುಂಡುಗಳಿಂದ ನಮ್ಮ ವೆಲ್ಡರ್ ಚೌಕಟ್ಟು ಮಾಡಿದ. ಅದರ ಹಿಂಬದಿಗೆ ಕುರ್ಚಿಯ ಸೀಟು, ಮುಂಬದಿಗೆ ಪೆಡಲ್ ಇಡುವ ಓರೆ ಹಲಗೆ. ಮೊಣಕಾಲುಗಳ ನಡುವೆ ಒಂದು ಕಂಬ ಎದ್ದಿತು, ಅದರ ತಲೆಗೆ ತಟ್ಟೆ, ತಟ್ಟೆಗೆ ಯೋಕ್. ಎಳೆದಾಗ ಕಂಬ ಬಾಗುತ್ತಿತ್ತು. ಬುಡದಲ್ಲಿ ಮುಕ್ಕೋನದ ಪಟ್ಟಿ ಬೆಸೆದ ಮೇಲೆ ನಿಂತಿತು. ಪವರ್ ಲಿವರಿಗೆ ಗ್ಯಾಸ್ ಪೈಪಿನ ಕ್ಲಿಪ್ಪು ಸಾಕಾಯಿತು. ಕ್ಲಿಪ್ಪಿನಡಿ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದರಿಂದ ಜಾರಲಿಲ್ಲ. ಭಾವನ ಹೋಟೆಲಿನ ಹಳೆಯ ಟಿವಿಯನ್ನು ಎದುರಿಗೆ ಗ್ರೈಂಡರ್ ಸ್ಟ್ಯಾಂಡಿನ ಮೇಲೆ ಕೂರಿಸಿದೆವು.

ನಮ್ಮಲ್ಲಿ ಒಂದು ಪದ್ಧತಿಯಿದೆ. ಯಾವ ಮೇಜಾದರೂ ಶೆಡ್ಡಿನಿಂದ ಹೊರಡುವ ಮೊದಲು ಅದರ ಮೇಲೆ ಕಾಫಿಯ ಲೋಟ ಅಂಚಿನವರೆಗೆ ತುಂಬಿ ಇಡುತ್ತೇನೆ. ಆಮೇಲೆ ಮೇಜಿನ ಕಾಲಿಗೆ ಒದೆಯುತ್ತೇನೆ. ಒಂದು ಹನಿ ಚೆಲ್ಲಿದರೂ ಮತ್ತೆ ವೆಲ್ಡಿಂಗಿಗೆ. ಬಿಸಿ ಸಾಂಬಾರು ಹೊರುವ ಮೇಜು ಅಲುಗಿದರೆ ಯಾರದೋ ಕಾಲು ಸುಡುತ್ತದೆ. ಈ ಕುರ್ಚಿಗೂ ಯೋಕಿನ ತಟ್ಟೆಯ ಮೇಲೆ ಲೋಟ ಇಟ್ಟೆ. ಅವಳು ಪೆಡಲ್ ಒದ್ದಳು, ಯೋಕ್ ಜಗ್ಗಿದಳು. ಹನಿ ಚೆಲ್ಲಲಿಲ್ಲ. ಅವಳು ಮೊದಲ ಸಲ ನಕ್ಕಳು. ಆ ಲೋಟವನ್ನು ಅಲ್ಲಿಂದ ತೆಗೆಯಲು ಅವಳು ಬಿಡಲಿಲ್ಲ, ದಿನಾ ನೀರು ತುಂಬಿಟ್ಟೇ ಹಾರುತ್ತಿದ್ದಳು.

ಕೆಲವು ದಿನ ಚೆನ್ನಾಗಿ ನಡೆಯಿತು. ಮಧ್ಯಾಹ್ನ ಊಟ ಮುಗಿಸಿ ಬರುವಳು. ತಂಗಿ ಕೊಟ್ಟ ಬುತ್ತಿಯಲ್ಲಿ ನನಗೂ ವೆಲ್ಡರಿಗೂ ಪಾಲಿರುತ್ತಿತ್ತು. ಪರದೆಯ ಮೇಲೆ ರನ್‌ವೇ ಓಡುವುದು, ಮೂತಿ ಏಳುವುದು, ಇಳಿಯುವಾಗ ಚಕ್ರ ನೆಲಕ್ಕೆ ಮೆತ್ತಗೆ ತಾಗುವುದು. ನನ್ನ ಕೈಯ ಕುರ್ಚಿ ಹುಡುಗಿಯ ಭಯ ತೆಗೆಯಿತು ಎಂದು ನಾನು ಒಳಗೊಳಗೇ ಉಬ್ಬಿದ್ದೆ.

ಒಂದು ಮಧ್ಯಾಹ್ನ ಶೆಡ್ಡಿನ ಬಾಗಿಲಲ್ಲಿ ಲಾರಿಗೆ ಶೀಟು ಏರಿಸುತ್ತಿದ್ದರು. ಒಬ್ಬನ ಕೈಯಿಂದ ಶೀಟು ತಪ್ಪಿ, ಸಿಮೆಂಟು ನೆಲದ ಮೇಲೆ ಕರ್ರನೆ ಉಜ್ಜಿಕೊಂಡು ಹೋಯಿತು. ಕಬ್ಬಿಣ ಹಳಿಯ ಮೇಲೆ ಜಾರಿದ ಸದ್ದೇ ಅದು. ನಾನು ಬೈಯಲು ತಿರುಗಿದವನು ಬೈಯಲಿಲ್ಲ. ಅವಳು ಎರಡೂ ಕೈಯಿಂದ ಯೋಕನ್ನು ಎದೆಗೆ ಎಳೆದು ಹಿಡಿದಿದ್ದಳು. ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಪರದೆಯ ಮೇಲೆ ಬರೀ ಆಕಾಶ, ಆಮೇಲೆ ಗಿರ್ರನೆ ತಿರುಗುವ ಹೊಲಗಳು, ಆಮೇಲೆ ಏನೂ ಇಲ್ಲ.

"ಜಾರಿತಲ್ಲ ಮಾಮಾ? ಈಗ ಜಾರಿತಲ್ಲ?"

ನಾನು ಲೋಟ ನೋಡಿದೆ. ನೀರು ಅಂಚಿನವರೆಗೆ ಹಾಗೆಯೇ ಇತ್ತು. ಕುರ್ಚಿ ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ಅವತ್ತು ಮನೆಗೆ ಹೋದವನು ತಟ್ಟೆಯ ಮುಂದೆ ಕೂತು ಅದನ್ನೇ ಯೋಚಿಸಿದೆ. ನಾನು ಮಾಡಿದ್ದೇನು? ಭಯವನ್ನು ತೆಗೆದಿರಲಿಲ್ಲ, ಅದು ಬರದ ಜಾಗದಲ್ಲಿ ಅವಳನ್ನು ಕೂರಿಸಿದ್ದೆ, ಅಷ್ಟೇ. ನಿಜವಾದ ವಿಮಾನದ ಸೀಟಿಗೆ ನನ್ನ ಚೌಕಟ್ಟಿಲ್ಲ. ಅಲ್ಲಿ ಸ್ವಲ್ಪ ಕರ್ರೆಂದರೂ ಇವಳ ಕೈ ಎಳೆಯುತ್ತದೆ. ಅದಕ್ಕಿಂತ ಕೆಟ್ಟದ್ದು, ಇಷ್ಟು ದಿನ ನನ್ನ ಕುರ್ಚಿಯಲ್ಲಿ ಕೂತು ಅವಳು ಒಮ್ಮೆಯೂ ಸೀಟು ಜಗ್ಗಿ ನೋಡಿರಲಿಲ್ಲ. ಅಲ್ಲಾಡದ ಕುರ್ಚಿಯನ್ನು ಯಾರು ಜಗ್ಗುತ್ತಾರೆ? ಅವಳನ್ನು ಕೊಲ್ಲಬಹುದಾದ ಮರೆವನ್ನೇ ನಾನು ಅಭ್ಯಾಸ ಮಾಡಿಸಿದ್ದೆ.

ಬೆಳಿಗ್ಗೆ ಬಂದವನೇ ಸೀಟನ್ನು ಚೌಕಟ್ಟಿನಿಂದ ಕೊಯ್ದು ತೆಗೆ ಎಂದು ವೆಲ್ಡರಿಗೆ ಹೇಳಿದೆ. ಜಾರುವಂತೆ ಮಾಡಬೇಕು ಎಂದೆ. ಅವನು ನನ್ನ ಮುಖ ನೋಡಿದ. ಇಷ್ಟು ವರ್ಷ ಅಲ್ಲಾಡಿದರೆ ಬೈದ ಮನುಷ್ಯ ಇವನೇನಾ ಎಂಬಂತೆ. ಯಾತಕ್ಕೆಂದು ವಿವರಿಸಿದ ಮೇಲೆ ಅವನ ಮುಖ ಇನ್ನೂ ಸಣ್ಣದಾಯಿತು. ಹೆದರಿದವರ ಮೇಲೆ ಹಾವು ಎಸೆಯುವ ಕೆಲಸ ಇದು ಎಂದು ನನಗೂ ಅನ್ನಿಸುತ್ತಿತ್ತು.

"ಪಾವಂ ಸಾರ್, ಅಂದ ಪೊಣ್ಣು," ಎಂದಷ್ಟೇ ಹೇಳಿ ಅವನು ಕಟರ್ ಕೈಗೆತ್ತಿಕೊಂಡ. ಪಾಪ, ಆ ಹುಡುಗಿ.

ಜಾರುವ ಗೇಟಿಗೆ ಹಾಕುವ ಚಾನೆಲ್ ಎರಡು ತುಂಡು, ಬೇರಿಂಗ್ ಚಕ್ರ ನಾಲ್ಕು. ಚಾನೆಲ್ಲಿನ ಪಕ್ಕಕ್ಕೆ ಸಾಲಾಗಿ ತೂತು ಕೊರೆದು, ಸ್ಪ್ರಿಂಗಿನ ಬಲದಿಂದ ತೂತಿಗೆ ಇಳಿಯುವ ಪಿನ್ನು ಕೂರಿಸಿದೆವು. ಪಿನ್ನಿಗೆ ಹಳೇ ಸ್ಕೂಟರಿನ ಬ್ರೇಕ್ ಕೇಬಲ್ ಕಟ್ಟಿ, ಅದರ ಲಿವರನ್ನು ಕುರ್ಚಿಯ ಹಿಂದೆ ನಿಂತವರ ಕೈಗೆ ಸಿಗುವಂತೆ ಇಟ್ಟೆವು. ಲಿವರ್ ಹಿಡಿದರೆ ಪಿನ್ನು ಹೊರಗೆ ಬರುತ್ತದೆ, ಹಿಂದಕ್ಕೆ ತುಸು ಇಳಿಜಾರಾಗಿ ಕೂರಿಸಿದ ಚಾನೆಲ್ಲಿನಲ್ಲಿ ಸೀಟು ಒಂದು ಗೇಣು ಹಿಂದೆ ಜಾರಿ ರಬ್ಬರಿಗೆ ತಾಗಿ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ಜಾರದಂತೆ ಎರಡೆರಡು ಬೋಲ್ಟು ಹಾಕಿದೆ. ಮೊದಲ ದಿನ ಚಾನೆಲ್ ಒಂದಕ್ಕೊಂದು ನೇರವಿಲ್ಲದೆ ಸೀಟು ಅರ್ಧದಲ್ಲಿ ಕಚ್ಚಿಕೊಂಡಿತು. ಬಿಚ್ಚಿ, ದಾರ ಹಿಡಿದು ಅಳೆದು, ಮತ್ತೆ ಬೆಸೆದೆವು.

ಮೊದಲು ನಾನೇ ಕೂತೆ. ಯೋಕ್ ಹಿಡಿದೆ. ಯಾವಾಗ ಬೇಕಾದರೂ ಎಳೆ ಎಂದು ವೆಲ್ಡರಿಗೆ ಹೇಳಿದ್ದೆ. ಅವನು ಬೇಕೆಂದೇ ತಡಮಾಡಿದ. ಜಾರಿತು. ಒಂದೇ ಒಂದು ಗೇಣು, ಅದೂ ನಾನೇ ಅಳೆದು ಮಾಡಿದ್ದು, ನೆಲ ಕಾಲಡಿಯಲ್ಲೇ ಇದೆ. ಆದರೂ ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಯೋಕ್ ನನ್ನ ಎದೆಗೆ ತಾಗಿತ್ತು. ಆಗ ಅರ್ಥವಾಯಿತು. ಬೀಳುವವನು ಕೈಗೆ ಸಿಕ್ಕಿದ್ದನ್ನು ಎಳೆದುಕೊಳ್ಳುತ್ತಾನೆ. ಹುಡುಗಿಯ ತಪ್ಪಲ್ಲ ಅದು, ಕೈಯ ಗುಣ. ಅದನ್ನು ಬಿಡಿಸಬೇಕೆಂದರೆ ಬೀಳಿಸಲೇಬೇಕು.

ಅವಳಿಗೆ ಹೇಳದೆ ಎಳೆಯಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಬಂದ ಕೂಡಲೇ ಲಿವರ್ ತೋರಿಸಿದೆ. ಇನ್ನು ಮೇಲೆ ಈ ಕುರ್ಚಿ ಜಾರುತ್ತದೆ, ಯಾವಾಗ ಎಂದು ಮಾತ್ರ ಹೇಳುವುದಿಲ್ಲ ಎಂದೆ. ಅವಳು ಕುರ್ಚಿಯನ್ನು ನೋಡಿದಳು, ನನ್ನನ್ನು ನೋಡಿದಳು. ನೀವು ಅಲ್ಲಾಡದ ಕುರ್ಚಿ ಮಾಡಿ ಕೊಡ್ತೇನೆ ಹೇಳಿದ್ರಿ ಅಲ್ವಾ ಎಂದಳು. ಸ್ವರ ಏರಿಸಲಿಲ್ಲ. ಚೀಲ ಹೆಗಲಿಗೆ ಹಾಕಿ ಹೊರಟೇಹೋದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ತಂಗಿ ಫೋನು ಮಾಡಿ, ಹುಡುಗಿ ರೂಮಿನಿಂದ ಹೊರಗೇ ಬರುತ್ತಿಲ್ಲ, ಅಣ್ಣ ಏನಾದರೂ ಬೈದೆಯಾ ಎಂದು ಕೇಳಿದಳು. ಬೈದೆ ಎಂದೆ. ಬೇರೇನು ಹೇಳಲಿ? ಅವಳು ಶಾಲೆಗೆ ಹಿಂತಿರುಗದೆ ಇದ್ದುಬಿಟ್ಟರೆ ಜೀವವಾದರೂ ಉಳಿಯುತ್ತದೆ ಎಂದು ಒಂದು ಗಳಿಗೆ ಸಮಾಧಾನವಾಯಿತು. ಮರುಗಳಿಗೆಗೇ ನನ್ನ ಮೇಲೆ ನನಗೇ ಅಸಹ್ಯವಾಯಿತು. ಮಳೆಯಲ್ಲಿ ಶೆಡ್ಡು ಸೋರುತ್ತಿತ್ತು. ಕುರ್ಚಿಯ ಮೇಲೆ ಟಾರ್ಪಾಲು ಮುಚ್ಚಿದೆ.

ಅವಳು ಬಂದಾಗ ನಾನು ಹೊರಗೆ ಗಿರಾಕಿಯ ಜೊತೆ ಮಾತಾಡುತ್ತಿದ್ದೆ. ಒಳಗೆ ಬಂದರೆ ಟಾರ್ಪಾಲು ತೆಗೆದು ಮಡಚಿಟ್ಟಿದ್ದಳು. ಕುರ್ಚಿಯಲ್ಲಿ ಕೂತಿರಲಿಲ್ಲ, ಪಕ್ಕ ನಿಂತಿದ್ದಳು.

"ನೀವೇ ಎಳೀಬೇಕು ಮಾಮಾ. ಬೇರೆ ಯಾರೂ ಬೇಡ."

ಅದು ಶಿಕ್ಷೆಯೋ ನಂಬಿಕೆಯೋ ಗೊತ್ತಾಗಲಿಲ್ಲ. ಅವಳು ಕೂತಳು, ಪಿನ್ನು ಟಕ್ಕೆಂದು ಇಳಿಯಿತು. ನಾನು ಹಿಂದೆ ನಿಂತು ಲಿವರ್ ಹಿಡಿದೆ. ಪರದೆಯಲ್ಲಿ ರನ್‌ವೇ ಓಡತೊಡಗಿತು. ಅವಳ ಕತ್ತಿನ ನರ ಬಿಗಿದಿತ್ತು, ಉಸಿರು ಜೋರಾಗಿ ಕೇಳುತ್ತಿತ್ತು. ಮೂತಿ ಎದ್ದಿತು. ಈಗ ಎಳೆಯಬೇಕು. ನನ್ನ ಬೆರಳು ಮಡಚಲಿಲ್ಲ. ಅವಳು ಇಳಿದು, ಮತ್ತೆ ಹಾರಿದಳು. ಮತ್ತೂ ಮಡಚಲಿಲ್ಲ. ಆ ಮಧ್ಯಾಹ್ನವೆಲ್ಲ ಲಿವರ್ ಹಿಡಿದು ನಿಂತೇ ಇದ್ದೆ, ಅಂಗೈ ಬೆವರಿ ಲಿವರ್ ಒದ್ದೆಯಾಗಿತ್ತು. ಕೊನೆಗೆ ಅವಳು ಎದ್ದಳು.

"ನೀವು ಎಳೀಲೇ ಇಲ್ಲ," ಎಂದಳು. "ನಾನು ಪ್ರತಿ ಸಲ ಸತ್ತೆ ಮಾಮಾ. ಎಳೆದುಬಿಟ್ರೆ ಒಂದೇ ಸಲ."

ಮರುದಿನ ಎಳೆದೆ. ಅವಳು ಕಿರುಚಲಿಲ್ಲ. ಕುರ್ಚಿ ರಬ್ಬರಿಗೆ ತಾಗಿದ ಸದ್ದು, ಯೋಕ್ ಪೂರ್ತಿ ಹಿಂದೆ ಬಂದ ಸದ್ದು, ಅಷ್ಟೇ. ಆಕಾಶ, ಹೊಲ, ಏನೂ ಇಲ್ಲ. ನಾನು ಲಿವರ್ ಬಿಟ್ಟು ನೀರು ಕುಡಿಯಲು ಹೋದೆ. ಹಿಂದೆ ಬಂದರೆ ಅವಳು ಆಗಲೇ ಸೀಟನ್ನು ಮುಂದೆ ಎಳೆದು ಪಿನ್ನು ಇಳಿಸಿ ಕಾಯುತ್ತಿದ್ದಳು.

ಶಿಕ್ಷಕರು ಹೇಳಿಕೊಟ್ಟದ್ದು ಅವಳಿಗೆ ಬಾಯಿಪಾಠವಿತ್ತು. ಚಕ್ರ ನೆಲದ ಮೇಲಿದ್ದರೆ ಯೋಕ್ ಬಿಡು, ಪವರ್ ತೆಗೆ, ಓಡಿ ನಿಲ್ಲಲಿ. ನೆಲ ಬಿಟ್ಟಿದ್ದರೆ ಎಳೆಯುವ ಬಲ ಬಿಡು, ಬೆರಳ ತುದಿಯಲ್ಲಿ ಮೂತಿ ಹಿಡಿ, ಆಮೇಲೆ ಸೀಟು ನೋಡು. ಬಾಯಿಗೆ ಬಂದದ್ದು ಕೈಗೆ ಬರಬೇಕಿತ್ತು. ಬೀಳುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಒಂದು ದಿನ ಚೆನ್ನಾಗಿ ಆದರೆ ಮರುದಿನ ಮತ್ತೆ ಎದೆಗೆ ಎಳೆದುಕೊಳ್ಳುವಳು. ಆಮೇಲೆ ಒಮ್ಮೆ ನಾನು ಎಳೆದಾಗ ಅವಳ ಬೆರಳುಗಳು ತಾವಾಗಿ ಬಿಚ್ಚಿಕೊಂಡದ್ದನ್ನು ಕಂಡೆ. ಸೀಟು ಹಿಂದೆ ಹೋಯಿತು, ಕೈ ಗಾಳಿಯಲ್ಲಿ ತೆರೆದೇ ಇತ್ತು. ವಿಮಾನ ನೇರ ಹೋಗುತ್ತಿತ್ತು.

ನಾನು ಇನ್ನೊಂದು ಕಾಟ ಶುರುಮಾಡಿದೆ. ಅವಳು ಬರುವ ಮೊದಲೇ ಕೆಲವು ದಿನ ಪಿನ್ನನ್ನು ತೂತಿಗೆ ಸರಿಯಾಗಿ ಇಳಿಯದಂತೆ ಅಂಚಿನ ಮೇಲೆ ನಿಲ್ಲಿಸಿಡುತ್ತಿದ್ದೆ. ನೋಡಿದರೆ ಗೊತ್ತಾಗದು, ಟಕ್ಕೆಂಬ ಸದ್ದನ್ನೂ ನಂಬುವಂತಿಲ್ಲ. ಸೊಂಟದಿಂದ ಹಿಂದೊಮ್ಮೆ ಮುಂದೊಮ್ಮೆ ಜಗ್ಗಿದರೆ ಮಾತ್ರ ಸಿಕ್ಕಿಬೀಳುತ್ತದೆ. ಮೊದಲೆರಡು ಸಲ ಸಿಕ್ಕಿಬಿದ್ದವಳು ಅವಳೇ. ಆಮೇಲೆ ಊಟದ ಮೇಜಿನ ಕುರ್ಚಿಯನ್ನೂ ಜಗ್ಗಿ ಕೂರುತ್ತಾಳೆ, ಇವಳಿಗೆ ಎಂತ ಆಯ್ತು ಎಂದು ತಂಗಿ ಫೋನಿನಲ್ಲಿ ಕೇಳಿದಳು. ಒಳ್ಳೆಯದೇ ಆಗಿದೆ ಎಂದೆ.

ಅವಳು ಶಾಲೆಗೆ ಹೊರಟ ದಿನ ಸ್ಟೇಷನ್ನಿಗೆ ಹೋಗುವ ಧೈರ್ಯವಾಗಲಿಲ್ಲ. ಗೆಳತಿಯ ಸಾಮಾನನ್ನು ತಾನು ಬಂದು ವಾಪಸು ಕೊಡುತ್ತೇನೆ, ಹಾಗೇ ಇರಲಿ ಎಂದಿದ್ದಳು. ಪರೀಕ್ಷೆಯ ದಿನ ಬೆಳಿಗ್ಗೆಯಿಂದ ನಾನು ಯಾವ ಕೆಲಸಕ್ಕೂ ಬಾರದವನಾಗಿದ್ದೆ. ಅಳತೆ ತೆಗೆದದ್ದನ್ನೇ ಮತ್ತೆ ತೆಗೆದೆ. ಸುಮ್ಮನಿದ್ದವರಿಗೆ ಬೈದೆ. ಶೆಡ್ಡಿನ ಮೇಲೆ ವಿಮಾನ ಹೋದಾಗಲೆಲ್ಲ ಕೈಯಲ್ಲಿದ್ದದ್ದನ್ನು ಕೆಳಗಿಟ್ಟೆ. ಫೋನು ಬಂದಾಗ ಕೌಂಟರಿಗೆ ಲೋಟದ ಪರೀಕ್ಷೆ ಮಾಡುತ್ತಿದ್ದೆ. ಲೋಟ ಅಲ್ಲೇ ಬಿಟ್ಟು ಮೂಲೆಗೆ ನಡೆದೆ.

"ಮಾಮಾ," ಎಂದಳು. ಹಿಂದೆ ಗಾಳಿಯ ಸದ್ದು. "ಕೂತು ಜಗ್ಗಿದೆ. ಸೀಟು ಹಿಂದೆ ಹೋಯ್ತು."

ಇಂಜಿನ್ ಶುರುಮಾಡುವ ಮೊದಲೇ ಅಂತೆ. ಪಿನ್ನು ಇಳಿದಂತೆ ಕಂಡಿತು, ಟಕ್ಕೆಂದು ಸದ್ದೂ ಬಂತು, ಆದರೆ ತೂತಿಗೆ ಕೂತಿರಲಿಲ್ಲ. ಜೊತೆಗಿದ್ದ ಮುಖ್ಯ ಶಿಕ್ಷಕರೂ ಸದ್ದು ಕೇಳಿ ಸರಿಯಿದೆ ಎಂದುಕೊಂಡಿದ್ದರು. ಅವಳು ಈ ವಿಮಾನ ಬೇಡ ಎಂದಳು. ಇಳಿದು ತೋರಿಸಿದಳು. ಆ ವಿಮಾನವನ್ನು ರಿಪೇರಿಗೆ ತಳ್ಳಿಕೊಂಡು ಹೋದರು, ಇನ್ನೊಂದನ್ನು ತಂದರು. ಅದನ್ನೂ ಜಗ್ಗಿ ನೋಡಿ ಹಾರಿದಳು. ಪಾಸು.

"ಕೈ ನಡುಗಿತಾ?" ಎಂದು ಕೇಳಿದೆ.

"ತುಂಬ ನಡುಗಿತು. ಆದ್ರೆ ಎಳೀಲಿಲ್ಲ."

ಪಕ್ಕದಲ್ಲಿದ್ದ ಅವಳ ಕುರ್ಚಿಯಲ್ಲಿ ಕುಸಿದು ಕೂತೆ. ಪಿನ್ನು ಅಂಚಿನ ಮೇಲಿತ್ತು, ನಾನೇ ಇಟ್ಟದ್ದು, ಮರೆತಿದ್ದೆ. ಸೀಟು ಸರ್ರನೆ ಹಿಂದೆ ಜಾರಿತು. ಫೋನು ಕೈಯಿಂದ ಹಾರಿತು. ನೆಲದ ಮೇಲಿನಿಂದ ಎಂತ ಸದ್ದು ಮಾಮಾ, ಎಂತ ಆಯ್ತು ಎಂದು ಅವಳು ಕೇಳುತ್ತಲೇ ಇದ್ದಳು. ಫೋನು ಹೆಕ್ಕಲು ನನಗೆ ಕೈ ಬಿಡುವಿರಲಿಲ್ಲ. ಎರಡೂ ಕೈಯಿಂದ ಯೋಕನ್ನು ಎದೆಗೆ ಎಳೆದು ಹಿಡಿದಿದ್ದೆ.